ಟೈಮಿಂಗ್ ಜಗಳ, ಮುರಿದ ಹಲ್ಲು, ಐದು ಹೆಸರು: ಇದು ಹಲ್ಲೆಯೋ, ದೊಂಬಿಯೋ?

ಪ್ರಶ್ನೆ: ಮೇಡಂ, ನಮ್ಮದು ಉಡುಪಿ ಹತ್ತಿರದ ಊರು. ಅಣ್ಣ ಉಡುಪಿ–ಮಂಗಳೂರು ರೂಟಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಹೋದ ತಿಂಗಳು ಕಟಪಾಡಿ ಸ್ಟಾಪಿನಲ್ಲಿ ಟೈಮಿಂಗ್ ವಿಷಯಕ್ಕೆ ಹಿಂದಿನ ಬಸ್ಸಿನವರ ಜೊತೆ ಮಾತಿಗೆ ಮಾತು ಬೆಳೆಯಿತು. ಆ ಬಸ್ಸಿನ ಕಂಡಕ್ಟರ್ ಅಣ್ಣನ ಕಾಲರ್ ಹಿಡಿದು ದೂಡಿದ. ಅಣ್ಣ ಅವನ ಕೆನ್ನೆಗೆ ಒಂದು ಬಾರಿಸಿದ. ಅಷ್ಟರಲ್ಲಿ ಅವರ ಡ್ರೈವರ್ ವೀಲ್ ಸ್ಪ್ಯಾನರ್ ಎತ್ತಿಕೊಂಡು ಬಂದು "ತಲೆ ಒಡೆಯುತ್ತೇನೆ" ಎಂದ. ಆದರೆ ಹೊಡೆಯಲಿಲ್ಲ. ನಮ್ಮ ಡ್ರೈವರೂ ಇಳಿದು ಬಂದರು. ತಳ್ಳಾಟದಲ್ಲಿ ಆ ಕಂಡಕ್ಟರ್ ಬಿದ್ದು, ಬಸ್ಸಿನ ಮೆಟ್ಟಿಲಿಗೆ ಬಾಯಿ ಬಡಿದು ಮುಂದಿನ ಹಲ್ಲು ಮುರಿಯಿತು. ಇಬ್ಬರು ರಿಕ್ಷಾದವರು ಬಂದು ಬಿಡಿಸಿದರು. ಬಸ್ಸಿನಲ್ಲಿದ್ದ ನನ್ನ ತಮ್ಮ ಇಳಿದು ನಿಂತು ವಿಡಿಯೊ ಮಾಡಿದ, ಅಷ್ಟೇ. ನಮ್ಮ ದೂರಿಗೆ ಸ್ಟೇಶನ್ನಿನಲ್ಲಿ ಹಿಂಬರಹ ಕೊಟ್ಟು ಕಳಿಸಿದರು. ಅವರ ದೂರಿಗೆ ಎಫ್‌ಐಆರ್ ಆಯಿತು. ಅಣ್ಣ, ಡ್ರೈವರ್, ತಮ್ಮ, ಆ ಇಬ್ಬರು ರಿಕ್ಷಾದವರು, ಹೀಗೆ ಐದೂ ಜನರ ಮೇಲೆ ದೊಂಬಿ ಕೇಸು. ತಮ್ಮನಿಗೆ ಗಲ್ಫಿನಲ್ಲಿ ಕೆಲಸ ಸಿಕ್ಕಿದೆ. "ತಪ್ಪೊಪ್ಪಿಕೊಂಡು ದಂಡ ಕಟ್ಟಿ, ಮುಗಿಯಿತು" ಎಂದು ಕೆಲವರು ಹೇಳುತ್ತಾರೆ. ಎಂತ ಮಾಡುವುದು?

ಉತ್ತರ: ಮೊದಲು ಕೊನೆಯ ಮಾತಿಗೆ ಬರುತ್ತೇನೆ, ಯಾಕೆಂದರೆ ಅದರಲ್ಲೇ ಅಪಾಯ ಇರುವುದು. ತಪ್ಪೊಪ್ಪಿಕೊಂಡು ದಂಡ ಕಟ್ಟಬೇಡಿ. ತಮ್ಮನಂತೂ ಬೇಡವೇ ಬೇಡ. ಯಾಕೆ ಎಂದು ಮುಂದೆ ಹೇಳುತ್ತೇನೆ. ಅದಕ್ಕೆ ಮುಂಚೆ ಒಂದು ಕೆಲಸ ಮಾಡಿ. ಮನೆಯಲ್ಲಿ ಮೂವರೂ, ಅಂದರೆ ಅಣ್ಣ, ತಮ್ಮ, ಡ್ರೈವರ್, ಬೇರೆ ಬೇರೆ ಕುಳಿತು, ಒಬ್ಬರನ್ನೊಬ್ಬರು ಕೇಳದೆ, ಆ ಐದು ನಿಮಿಷದಲ್ಲಿ ಯಾರು ಏನು ಮಾಡಿದರು ಎಂದು ಒಂದೊಂದು ಹಾಳೆಯಲ್ಲಿ ಬರೆಯಲಿ. ಯಾವ ಕೈ, ಎಲ್ಲಿ ತಾಗಿತು, ಯಾರು ಎಲ್ಲಿ ನಿಂತಿದ್ದರು, ಯಾರ ಬಾಯಿಂದ ಯಾವ ಮಾತು ಬಂತು, ಎಲ್ಲವನ್ನೂ. ಆ ಹಾಳೆ ನಿಮ್ಮ ವಕೀಲರ ಕೈಗೆ ಮಾತ್ರ ಹೋಗಬೇಕು, ಬೇರೆ ಯಾರಿಗೂ ಅಲ್ಲ. ನಾವು "ಗಲಾಟೆ ಆಯಿತು" ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಕಾನೂನಿಗೆ ಗಲಾಟೆ ಎಂಬ ಒಂದು ವಸ್ತು ಇಲ್ಲ. ಅದು ಒಬ್ಬೊಬ್ಬರ ಒಂದೊಂದು ಕೆಲಸವನ್ನು ಬಿಡಿಸಿ ನೋಡುತ್ತದೆ. ನಿಮ್ಮ ಇಡೀ ಕೇಸು ಆ ಬಿಡಿಸುವಿಕೆಯಲ್ಲೇ ಇದೆ.

2024ರ ಜುಲೈ 1ರಿಂದ ಹಳೆಯ ಐಪಿಸಿ, ಅಂದರೆ ಭಾರತೀಯ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಊರಲ್ಲಿ ಈಗಲೂ "323 ಹಾಕಿದ್ದಾರೆ, 143, 147, 149 ಹಾಕಿದ್ದಾರೆ" ಎಂದೇ ಮಾತಾಡುತ್ತಾರೆ. ಎಫ್‌ಐಆರ್‌ನಲ್ಲಿ ಆ ನಂಬರ್ ಸಿಗದೆ ಗಾಬರಿಯಾಗಬೇಡಿ. 323 (ಸಾಮಾನ್ಯ ಗಾಯ) ಈಗ 115(2). 325 (ತೀವ್ರ ಗಾಯ) ಈಗ 117(2). 143 (ಅಕ್ರಮ ಕೂಟ) ಈಗ 189(2), 147 (ದೊಂಬಿ) ಈಗ 191(2), 149 (ಕೂಟದ ಎಲ್ಲರ ಹೊಣೆ) ಈಗ 190. ಮಾತು ಹೆಚ್ಚುಕಡಿಮೆ ಹಳೆಯದೇ, ಅಂಕಿ ಮಾತ್ರ ಬದಲು. ಕೆಲವು ಕಡೆ ಒಳಗಿನ ವಿಷಯವೂ ಸ್ವಲ್ಪ ಬದಲಾಗಿದೆ, ಅದನ್ನು ಆಯಾ ಜಾಗದಲ್ಲಿ ಹೇಳುತ್ತೇನೆ.

ಸ್ಪ್ಯಾನರ್ ಹಿಡಿದ ಡ್ರೈವರಿನಿಂದ ಶುರು ಮಾಡೋಣ. ನೀವು "ಆದರೆ ಹೊಡೆಯಲಿಲ್ಲ" ಎಂದು ಬರೆದಿದ್ದೀರಿ. ಹೊಡೆಯದಿದ್ದರೆ ಏನೂ ಆಗಿಲ್ಲ ಎಂಬ ಅರ್ಥದಲ್ಲಿ. ನಮ್ಮ ಮಾತಿನಲ್ಲಿ ಹಲ್ಲೆ ಎಂದರೆ ಪೆಟ್ಟು, ಅಲ್ವಾ? ಪೇಪರಿನಲ್ಲೂ "ಹಲ್ಲೆ" ಎಂದರೆ ಯಾರಿಗೋ ಪೆಟ್ಟು ಬಿದ್ದಿದೆ ಎಂದೇ ಓದುತ್ತೇವೆ. ಕಾನೂನಿನ ಹಲ್ಲೆಗೆ ಮೈ ಮುಟ್ಟಲೇಬೇಕು ಎಂದಿಲ್ಲ. 130ನೇ ಕಲಮಿನ ಪ್ರಕಾರ, ಎದುರಿಗೆ ಇರುವ ಮನುಷ್ಯನಿಗೆ "ಈಗ ನನಗೆ ಹೊಡೆದೇ ಬಿಡುತ್ತಾನೆ" ಎಂಬ ಭಯ ಹುಟ್ಟಿಸುವ ಸನ್ನೆ ಅಥವಾ ತಯಾರಿ ಮಾಡಿದರೆ ಸಾಕು. ಹಾಗೆ ಭಯ ಹುಟ್ಟಲಿ ಎಂಬ ಉದ್ದೇಶ ಇರಬೇಕು, ಇಲ್ಲವೇ ಹುಟ್ಟಬಹುದು ಎಂಬ ಅರಿವಾದರೂ ಇರಬೇಕು. ಬರೀ ಬಾಯಿಮಾತು ಹಲ್ಲೆಯಲ್ಲ. ಆದರೆ ಮಾತು ಸನ್ನೆಗೆ ಅರ್ಥ ಕೊಡಬಹುದು. ಕಾನೂನೇ ಕೊಡುವ ಉದಾಹರಣೆ ನಿಮ್ಮ ಕೇಸಿಗೆ ಸರಿಯಾಗಿ ಕೂರುತ್ತದೆ: ಒಬ್ಬ ಕೋಲು ಎತ್ತಿಕೊಂಡು "ನಿನಗೆ ಬಾರಿಸುತ್ತೇನೆ" ಎನ್ನುತ್ತಾನೆ. ಮಾತು ಒಂದೇ ಆದರೆ ಹಲ್ಲೆಯಲ್ಲ, ಕೋಲು ಎತ್ತಿದ್ದು ಒಂದೇ ಆದರೆ ಸಾಲದಿರಬಹುದು, ಎರಡೂ ಸೇರಿದರೆ ಹಲ್ಲೆ ಆಗಬಹುದು. ವೀಲ್ ಸ್ಪ್ಯಾನರ್ ರಿಪೇರಿಗೂ ಕೈಯಲ್ಲಿ ಇರಬಹುದು. "ತಲೆ ಒಡೆಯುತ್ತೇನೆ" ಎಂದ ಮೇಲೆ ಅದು ರಿಪೇರಿಗೆ ಅಲ್ಲ. ಆಗ ಅವನು ಎಷ್ಟು ದೂರದಲ್ಲಿದ್ದ ಎಂಬುದು ಮುಖ್ಯ. ನಾಲ್ಕು ಅಡಿಯಲ್ಲೋ, ರಸ್ತೆಯ ಆಚೆ ಬದಿಯಲ್ಲೋ? ಅದನ್ನು ಬರೆಸಿ.

ಕಾಲರ್ ಹಿಡಿದು ದೂಡಿದ್ದು ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಅದು ಅಪರಾಧಿಕ ಬಲಪ್ರಯೋಗ. ಇವೆರಡಕ್ಕೂ 131ನೇ ಕಲಮಿನಲ್ಲಿ ಶಿಕ್ಷೆ ಒಂದೇ: 3 ತಿಂಗಳವರೆಗೆ ಜೈಲು, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದರ ಮೇಲಿನ ಮೆಟ್ಟಿಲು "ಗಾಯ". ಇಲ್ಲಿಯೂ ಒಂದು ತಪ್ಪು ತಿಳಿವಳಿಕೆ ಉಂಟು. ರಕ್ತ ಬರಬೇಕು, ಬಾವು ಕಾಣಬೇಕು ಎಂದು ಜನ ತಿಳಿದಿದ್ದಾರೆ. 114ನೇ ಕಲಮಿಗೆ ದೇಹಕ್ಕೆ ನೋವಾದರೆ ಸಾಕು, ಗುರುತು ಇರಲೇಬೇಕೆಂದಿಲ್ಲ. ಅಣ್ಣ ಬಾರಿಸಿದ ಕೆನ್ನೆಪೆಟ್ಟು ಹಾಗಾಗಿ ಗಾಯವೇ. 115(2)ರ ಪ್ರಕಾರ 1 ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಈಗ ಹಲ್ಲು. ಇಡೀ ಕೇಸಿನ ತೂಕ ಆ ಒಂದು ಹಲ್ಲಿನ ಮೇಲೆ ನಿಂತಿದೆ. ಸ್ವಲ್ಪ ನಿಧಾನವಾಗಿ ಓದಿ.

116ನೇ ಕಲಮು ಎಂಟು ಬಗೆಯ ಗಾಯಗಳನ್ನು ಮಾತ್ರ "ತೀವ್ರ ಗಾಯ" ಎನ್ನುತ್ತದೆ. ಕಣ್ಣು ಹೋಗುವುದು, ಕಿವಿ ಹೋಗುವುದು, ಮುಖ ಶಾಶ್ವತವಾಗಿ ವಿಕಾರವಾಗುವುದು ಎಲ್ಲ ಅದರಲ್ಲಿದೆ. ಏಳನೆಯದು ಎಲುಬು ಅಥವಾ ಹಲ್ಲು ಮುರಿಯುವುದು, ಇಲ್ಲವೇ ಜಾರುವುದು. ಅಂದರೆ ಕಾನೂನಿನ ಕಣ್ಣಲ್ಲಿ ಮುರಿದ ಹಲ್ಲು ಮುರಿದ ಕಾಲಿಗೆ ಸಮ. ಎಂಟನೆಯದು ಪ್ರಾಣಕ್ಕೆ ಅಪಾಯ ತರುವ ಗಾಯ, ಅಥವಾ 15 ದಿನ ತೀವ್ರ ನೋವು ಕೊಡುವ ಇಲ್ಲವೇ ದಿನದ ಕೆಲಸ ಮಾಡಲಾಗದಂತೆ ಮಾಡುವ ಗಾಯ. ಹಳೆಯ ಕಾನೂನಿನಲ್ಲಿ ಇದು 20 ದಿನ ಇತ್ತು. ತೀವ್ರ ಗಾಯ ಮಾಡಿದರೆ 117(2)ರ ಪ್ರಕಾರ 7 ವರ್ಷದವರೆಗೆ ಜೈಲು ಮತ್ತು ದಂಡ. ಕೆನ್ನೆಪೆಟ್ಟಿನ 1 ವರ್ಷ ಎಲ್ಲಿ, ಈ 7 ವರ್ಷ ಎಲ್ಲಿ!

ಆದರೆ ಹಲ್ಲು ಮುರಿದಿದೆ ಎಂದ ಮಾತ್ರಕ್ಕೆ 117(2) ತಾನಾಗಿ ಬಂದು ಕೂರುವುದಿಲ್ಲ. ಎರಡು ವಿಷಯ ಸಾಬೀತಾಗಬೇಕು. ಒಂದು, ಗಾಯ ನಿಜಕ್ಕೂ ಆ ಎಂಟರಲ್ಲಿ ಒಂದಾಗಿರಬೇಕು. ಎರಡು, ಮಾಡಿದವನಿಗೆ ತೀವ್ರ ಗಾಯ ಮಾಡುವ ಉದ್ದೇಶ ಇದ್ದಿರಬೇಕು, ಅಥವಾ ತನ್ನ ಕೆಲಸದಿಂದ ಅಂಥ ಗಾಯ ಆಗಬಹುದು ಎಂಬ ಅರಿವಾದರೂ ಇದ್ದಿರಬೇಕು. ಮುಷ್ಟಿ ಬಿಗಿದು ಬಾಯಿಗೇ ಗುದ್ದಿದವನಿಗೆ ಹಲ್ಲು ಹೋಗಬಹುದು ಎಂದು ಗೊತ್ತಿರುತ್ತದೆ. ತಳ್ಳಾಟದಲ್ಲಿ ಕಾಲು ತಪ್ಪಿ ಬಿದ್ದು ಮೆಟ್ಟಿಲಿಗೆ ಬಾಯಿ ತಾಗಿದರೆ, ದೂಡಿದವನಿಗೆ ಅದು ಗೊತ್ತಿತ್ತು ಎಂದು ಹೇಳುವುದು ಕಷ್ಟ. ಆಗ ಅದು 115(2)ಕ್ಕೆ ಇಳಿಯಬಹುದು. ಹಾಗಾಗಿ ಅವನು ಬಿದ್ದದ್ದು ಹೇಗೆ ಎಂಬುದೇ ದೊಡ್ಡ ಪ್ರಶ್ನೆ. ದೂಡಿದ್ದು ಯಾರು? ಅಣ್ಣನೋ, ಡ್ರೈವರೋ? ಹಿಂದಕ್ಕೆ ಸರಿಯುವಾಗ ತಾನೇ ಎಡವಿದನೋ? ಮೆಟ್ಟಿಲು ಎಷ್ಟು ಹತ್ತಿರ ಇತ್ತು? ತಮ್ಮನ ವಿಡಿಯೊದಲ್ಲಿ ಆ ಎರಡು ಸೆಕೆಂಡು ಬಂದಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಡಾಕ್ಟರ ಸರ್ಟಿಫಿಕೇಟಿನಲ್ಲಿ "ತೀವ್ರ" ಎಂದು ಬರೆದಿದ್ದರೆ ಅಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ. ಅದು ಡಾಕ್ಟರ ಅಭಿಪ್ರಾಯ. ಎಂಟರಲ್ಲಿ ಬರುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದು ಕೋರ್ಟು. ಹಲ್ಲಿನ ಎಕ್ಸ್‌ರೇ ಇದೆಯೇ, ಹಲ್ಲು ಮೊದಲೇ ಸಡಿಲ ಇತ್ತೇ, ಪರೀಕ್ಷೆ ಎಷ್ಟು ಹೊತ್ತಿಗೆ ಆಯಿತು, ಇವನ್ನೆಲ್ಲ ನಿಮ್ಮ ವಕೀಲರು ಕೇಳಬೇಕು.

ನಿಮ್ಮ ಕಡೆಯಿಂದಲೂ ಒಂದು ಕೊರತೆ ಆಗಿದೆ ಎಂದು ನನ್ನ ಅನುಮಾನ. ಅಣ್ಣನನ್ನು ಯಾವ ಆಸ್ಪತ್ರೆಗೆ ಕರೆದುಕೊಂಡು ಹೋದಿರಿ ಎಂದು ನೀವು ಬರೆದಿಲ್ಲ. ಹೋಗಿಲ್ಲ, ಅಲ್ವಾ? ನಮ್ಮ ಗಂಡಸರು ಕತ್ತು ನೋಯುತ್ತಿದ್ದರೂ "ಎಂತ ಆಗಲಿಲ್ಲ" ಎಂದು ಮನೆಗೆ ಬಂದು ಮಲಗುತ್ತಾರೆ. ಎದುರಿನವರು ಅದೇ ಹೊತ್ತಿಗೆ ಆಸ್ಪತ್ರೆಯಲ್ಲಿ ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗೆ ಬೇಕಾದ ಗಾಯದ ದಾಖಲೆ, ಮಾಡಿಸಿರುತ್ತಾರೆ. ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಇದೆ, ಮಂಗಳೂರಿನವರಿಗೆ ವೆನ್ಲಾಕ್ ಇದೆ. ಪೊಲೀಸರು ಬರಲಿ, ಕಾಗದ ಆಗಲಿ ಎಂದು ಯಾವ ಆಸ್ಪತ್ರೆಯೂ ಚಿಕಿತ್ಸೆ ತಡಮಾಡುವಂತಿಲ್ಲ. 1989ರಲ್ಲೇ ಪರಮಾನಂದ ಕಟಾರಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ. ಓದುವ ಉಳಿದವರಿಗೂ ಇದನ್ನೇ ಹೇಳುತ್ತೇನೆ: ಪೆಟ್ಟು ಬಿದ್ದ ದಿನವೇ ಡಾಕ್ಟರಿಗೆ ತೋರಿಸಿ, ಹೇಗೆ ಆಯಿತೆಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಈಗ ನಿಮ್ಮ ಸಿಟ್ಟಿನ ವಿಷಯ. ನಿಮಗೆ ಹಿಂಬರಹ, ಅವರಿಗೆ ಎಫ್‌ಐಆರ್. ಇದು ಪಕ್ಷಪಾತ ಎಂದು ಅನಿಸುವುದು ಸಹಜ. ಆದರೆ ಕಾಗದದ ಮೇಲೆ ಇದಕ್ಕೊಂದು ಕಾರಣ ಇದೆ. ಹಲ್ಲೆ, ಸಾಮಾನ್ಯ ಗಾಯ, ಬೆದರಿಕೆ ಇವೆಲ್ಲ ಅಸಂಜ್ಞೇಯ ಅಪರಾಧಗಳು, ಸ್ಟೇಶನ್ ಭಾಷೆಯಲ್ಲಿ "ಎನ್‌ಸಿ". ಇವುಗಳಲ್ಲಿ ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ದೂರನ್ನು ಬರೆದುಕೊಂಡು, ಕೋರ್ಟಿಗೆ ಹೋಗಿ ಎಂದು ಹಿಂಬರಹ ಕೊಡುತ್ತಾರೆ. ತೀವ್ರ ಗಾಯ ಸಂಜ್ಞೇಯ, ಅಂದರೆ ಅಪ್ಪಣೆಗೆ ಕಾಯದೆ ಪೊಲೀಸರೇ ತನಿಖೆ ಮಾಡಬಹುದು. ಅದಕ್ಕೆ ಎಫ್‌ಐಆರ್ ಮಾಡಲೇಬೇಕು, 2013ರ ಲಲಿತಾ ಕುಮಾರಿ ತೀರ್ಪು ಅದನ್ನು ಹೇಳಿದೆ. ಅವರ ದೂರಿನಲ್ಲಿ ಹಲ್ಲು ಇತ್ತು, ನಿಮ್ಮದರಲ್ಲಿ ಇರಲಿಲ್ಲ.

ಹಾಗೆಂದು ಸುಮ್ನೆ ಕೂರಬೇಕಿಲ್ಲ. ಹಿಂಬರಹ ಹಿಡಿದು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ತನಿಖೆಗೆ ಅಪ್ಪಣೆ ಕೇಳಬಹುದು, ಹಳೆಯ ಸಿಆರ್‌ಪಿಸಿ ಜಾಗದಲ್ಲಿ ಬಂದ ನಾಗರಿಕ ಸುರಕ್ಷಾ ಸಂಹಿತೆಯ 174ನೇ ಕಲಮು ಅದಕ್ಕೇ ಇದೆ. ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ: ಒಂದೇ ಘಟನೆಯಲ್ಲಿ ಹಲವು ಅಪರಾಧ ಇದ್ದು ಒಂದಾದರೂ ಸಂಜ್ಞೇಯವಾಗಿದ್ದರೆ, ಇಡೀ ಕೇಸು ಸಂಜ್ಞೇಯ. ಅಣ್ಣ ಬಸ್ಸು ಹತ್ತಲು ಹೋದಾಗ ಅವರು ಅಡ್ಡ ನಿಂತು ತಡೆದಿದ್ದರೆ ಅದು 126ರ ಅಕ್ರಮ ತಡೆ, ಅದು ಸಂಜ್ಞೇಯ. ತಡೆದಿದ್ದರೆ ಮಾತ್ರ! ಆಗದ್ದನ್ನು ಸೇರಿಸಿ ಬರೆಸಬೇಡಿ. ಎಫ್‌ಐಆರ್ ಮಾಡಿಸುವ ಆಸೆಗೆ ಸೇರಿಸಿದ ಒಂದು ಸುಳ್ಳು, ಪಾಟೀಸವಾಲಿನಲ್ಲಿ ಉಳಿದ ಹತ್ತು ನಿಜವನ್ನೂ ಮುಳುಗಿಸಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನೆನಪಿಡಿ, ಸಾಮಾನ್ಯ ಗಾಯದ ಕೇಸಿಗೆ ಕಾಲಮಿತಿ 1 ವರ್ಷ. ನಿಮ್ಮ ದೂರೂ ಕೇಸಾದರೆ ಅದು ಕೌಂಟರ್ ಕೇಸು. ಎರಡನ್ನೂ ಒಬ್ಬರೇ ನ್ಯಾಯಾಧೀಶರು ಒಂದರ ಹಿಂದೆ ಒಂದು ವಿಚಾರಣೆ ಮಾಡಬೇಕು ಎಂಬುದು 1990ರ ನಾಥಿ ಲಾಲ್ ತೀರ್ಪಿನಿಂದ ಗಟ್ಟಿಯಾದ ಕ್ರಮ.

ಇನ್ನು ಐದು ಹೆಸರು. ನನಗೆ ನಿಮ್ಮ ಪತ್ರದಲ್ಲಿ ಹೆಚ್ಚು ಬೇಸರ ತಂದದ್ದು ಇದೇ. ಐದೇ ಯಾಕೆ? ಯಾಕೆಂದರೆ 189ನೇ ಕಲಮಿನ "ಅಕ್ರಮ ಕೂಟ"ಕ್ಕೆ ಕನಿಷ್ಠ ಐದು ಜನ ಬೇಕು. ನಾಲ್ಕಾದರೆ ಆಗುವುದಿಲ್ಲ. ಆ ಕೂಟದಲ್ಲಿ ಯಾರಾದರೂ ಒಬ್ಬ ಬಲ ಪ್ರಯೋಗಿಸಿದರೂ ಅದು ದೊಂಬಿ, 191(2)ರಲ್ಲಿ 2 ವರ್ಷದವರೆಗೆ ಜೈಲು. ಅದಕ್ಕಿಂತ ದೊಡ್ಡದು 190. ಕೂಟದ ಉದ್ದೇಶ ಸಾಧಿಸಲು ಒಬ್ಬ ಮಾಡಿದ ಅಪರಾಧಕ್ಕೆ ಎಲ್ಲರೂ ಹೊಣೆ. ಅಂದರೆ ಆ ಒಂದು ಹಲ್ಲಿನ 7 ವರ್ಷ ವಿಡಿಯೊ ಮಾಡಿದ ತಮ್ಮನ ತಲೆಗೂ, ಬಿಡಿಸಲು ಬಂದ ರಿಕ್ಷಾದವರ ತಲೆಗೂ ಬರುತ್ತದೆ.

ಆದರೆ ತಲೆ ಎಣಿಸಿದರೆ ಅಕ್ರಮ ಕೂಟ ಆಗುವುದಿಲ್ಲ. ಸಮಾನ ಉದ್ದೇಶ ಬೇಕು. ಅದು ಕಾನೂನು ಪಟ್ಟಿ ಮಾಡಿದ ಉದ್ದೇಶಗಳಲ್ಲಿ ಒಂದಾಗಿರಬೇಕು, ಅಪರಾಧ ಮಾಡುವುದೂ ಅದರಲ್ಲಿ ಸೇರಿದೆ. ಮತ್ತೆ, ವಿಷಯ ಗೊತ್ತಿದ್ದೂ ಬೇಕೆಂದೇ ಸೇರಿದವನು ಅಥವಾ ಉಳಿದವನು ಮಾತ್ರ ಸದಸ್ಯ. ಬಸ್ ಸ್ಟಾಪಿನಲ್ಲಿ ಜನ ಇರುವುದೇ ಬಸ್ಸಿಗೆ. ರಿಕ್ಷಾದವರು ಅಲ್ಲಿರುವುದು ಅದು ಅವರ ಸ್ಟ್ಯಾಂಡ್ ಎಂಬುದಕ್ಕೆ. ಅವರ ಉದ್ದೇಶ ಬಿಡಿಸುವುದು, ಅಂದರೆ ಹೊಡೆಯುವುದಕ್ಕೆ ಪೂರ್ತಿ ಎದುರು. 1964ರ ಮಸಾಲ್ತಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕುತೂಹಲಕ್ಕೆ ನಿಂತು ನೋಡುವವರನ್ನೂ ಸದಸ್ಯರನ್ನೂ ಬೇರೆ ಮಾಡಿದೆ. ಅದೇ ತೀರ್ಪು ಇನ್ನೊಂದನ್ನೂ ಹೇಳುತ್ತದೆ: ಉದ್ದೇಶ ಹಂಚಿಕೊಂಡ ಸದಸ್ಯನಾಗಿದ್ದರೆ, ಕೈ ಎತ್ತದಿದ್ದರೂ ಹೊಣೆ ತಪ್ಪದು. ಹಾಗಾಗಿ ತಮ್ಮ "ನಾನು ಯಾರಿಗೂ ಹೊಡೆದಿಲ್ಲ" ಎಂದಷ್ಟೇ ಹೇಳಿದರೆ ಸಾಲದು. "ನಾನು ನೋಡುತ್ತಿದ್ದೆ, ದಾಖಲಿಸುತ್ತಿದ್ದೆ, ಯಾರನ್ನೂ ಹುರಿದುಂಬಿಸಲಿಲ್ಲ" ಎಂಬುದು ಕಾಣಬೇಕು. ವಿಡಿಯೊದಲ್ಲಿ ಅವನದೇ ದನಿ "ಹಾಕು ಅವನಿಗೆ" ಎಂದು ಕೇಳಿಸುತ್ತದೋ, "ಬಿಡಿ ಮಾರಾಯ್ರೆ" ಎಂದು ಕೇಳಿಸುತ್ತದೋ? ಇದರ ಮೇಲೆ ಅವನ ಕೇಸು ನಿಂತಿದೆ. ಈಗಲೇ ಕೇಳಿ ನೋಡಿ.

ತಮ್ಮ ಮತ್ತು ರಿಕ್ಷಾದವರು ಹೊರಬಿದ್ದರೆ ಉಳಿಯುವುದು ಇಬ್ಬರು. ಆಗ ಅಕ್ರಮ ಕೂಟವೂ ಇಲ್ಲ, ದೊಂಬಿಯೂ ಇಲ್ಲ. ಒಂದು ಎಚ್ಚರಿಕೆ: ಎಫ್‌ಐಆರ್‌ನಲ್ಲಿ "ಮತ್ತು ಇತರರು" ಎಂದಿದೆಯೇ ನೋಡಿ. ಗುರುತು ಸಿಗದವರೂ ಇದ್ದರು ಎಂದು ಸಾಕ್ಷಿ ಬಂದರೆ ಅವರೂ ಲೆಕ್ಕಕ್ಕೆ ಸೇರುತ್ತಾರೆ. ಮತ್ತೆ, ಅಣ್ಣ–ಡ್ರೈವರ್ ಇಬ್ಬರ ಮೇಲೆ 3(5) ಹಾಕಬಹುದು. ಅದಕ್ಕೆ ಐದರ ಲೆಕ್ಕ ಬೇಡ, ಇಬ್ಬರೂ ಒಂದೇ ಮನಸ್ಸಿನಿಂದ ಮಾಡಿದರು ಎಂಬುದು ಸಾಕು.

ನನಗೆ ಕಾಣುವಂತೆ ಇದು ದೊಂಬಿಯಲ್ಲ. ಹೆಚ್ಚೆಂದರೆ 194ನೇ ಕಲಮಿನ ಬೀದಿ ಕಾದಾಟ. ಇಬ್ಬರು ಅಥವಾ ಹೆಚ್ಚು ಜನ ಸಾರ್ವಜನಿಕ ಜಾಗದಲ್ಲಿ ಹೊಡೆದಾಡಿಕೊಂಡು ಶಾಂತಿ ಕೆಡಿಸುವುದು. ಇದರಲ್ಲಿ ಎರಡೂ ಕಡೆಯವರು ಹೊಡೆದಾಡಿರಬೇಕು. ಒಬ್ಬ ಹೊಡೆದು ಇನ್ನೊಬ್ಬ ಸುಮ್ನೆ ಪೆಟ್ಟು ತಿಂದರೆ ಅದು ಕಾದಾಟವಲ್ಲ. ಶಿಕ್ಷೆ 1 ತಿಂಗಳವರೆಗೆ, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೆಯ ಕಾನೂನಿನಲ್ಲಿ ದಂಡ ಬರೀ 100 ಇತ್ತು.

ಅಣ್ಣನಿಗೆ ಆತ್ಮರಕ್ಷಣೆಯ ಹಕ್ಕು ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಪೆಟ್ಟು ಬೀಳುವವರೆಗೆ ಕಾಯಬೇಕಿಲ್ಲ, ಅಪಾಯದ ನ್ಯಾಯವಾದ ಭಯ ಹುಟ್ಟಿದ ಕೂಡಲೇ ಹಕ್ಕು ಶುರು. ಆದರೆ ತಪ್ಪಿಸಿಕೊಳ್ಳಲು ಬೇಕಾದಷ್ಟಕ್ಕಿಂತ ಜಾಸ್ತಿ ಮಾಡುವಂತಿಲ್ಲ. ನೇರವಾಗಿ ಹೇಳುತ್ತೇನೆ, ಆ ಕೆನ್ನೆಪೆಟ್ಟನ್ನು ಆತ್ಮರಕ್ಷಣೆ ಎನ್ನುವುದು ಕಷ್ಟ. ಕಾಲರ್ ಬಿಡಿಸಿಕೊಳ್ಳಲು ಕೈ ಕೊಡವಿದ್ದು ರಕ್ಷಣೆ. ಬಿಟ್ಟ ಮೇಲೆ ಬಾರಿಸಿದ್ದು ಸೇಡು. ಕಾಲರ್ ಇನ್ನೂ ಅವನ ಕೈಯಲ್ಲೇ ಇತ್ತೇ? ಸ್ಪ್ಯಾನರ್ ಬಂದ ಮೇಲಿನ ತಳ್ಳಾಟಕ್ಕೆ ಮಾತ್ರ ಈ ವಾದ ಗಟ್ಟಿಯಾಗಿ ನಿಲ್ಲಬಹುದು.

ವಿಡಿಯೊ ಬಗ್ಗೆ. ಕತ್ತರಿಸಬೇಡಿ, ಅಳಿಸಬೇಡಿ, ಆ ಫೋನನ್ನು ಮಾರಬೇಡಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಪ್ರತಿ ಮೂಲವಲ್ಲ. ಮೂಲ ಫೈಲು ಅದೇ ಫೋನಿನಲ್ಲಿರಲಿ. ಪೊಲೀಸರು ಫೋನು ವಶಕ್ಕೆ ಪಡೆದರೆ ಮಹಜರು ಆಗಿ, ಪ್ರತಿ ನಿಮಗೆ ಸಿಗಬೇಕು. ಕೋರ್ಟಿಗೆ ಪ್ರತಿ ಕೊಡುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ, ಅಂದರೆ ಫೈಲು ಬದಲಾಗಿಲ್ಲ ಎಂದು ತೋರಿಸುವ ಗುರುತು ಸಂಖ್ಯೆಯನ್ನೂ, ಬರೆಯಬೇಕು. ದಯವಿಟ್ಟು ಅದನ್ನು ಯಾವ ಗ್ರೂಪಿಗೂ ಹಾಕಬೇಡಿ. ನಮ್ಮ ಕರಾವಳಿಯಲ್ಲಿ ಟೈಮಿಂಗ್ ಜಗಳದ ವಿಡಿಯೊ ಹೆಸರುಗಳ ಸಮೇತ ಹೊರಗೆ ಬಂದರೆ, ಸಂಜೆಯೊಳಗೆ ಅದಕ್ಕೆ ಬೇರೆ ಬಣ್ಣ ಬರುತ್ತದೆ. ಆಮೇಲೆ ಬೀಳುವ ಕೇಸುಗಳ ಮುಂದೆ ಈ ಹಲ್ಲು ಏನೂ ಅಲ್ಲ.

ಸದ್ಯ ಬಂಧನದ ಭಯ ಬೇಡ. ನಿಮ್ಮವರ ಮೇಲಿರುವ 117(2), 189(2), 191(2) ಮೂರೂ ಜಾಮೀನು ಸಿಗುವಂಥವು, ಸ್ಟೇಶನ್ನಿನಲ್ಲೇ ಜಾಮೀನು ಪಡೆಯುವುದು ಹಕ್ಕು. ನೋಟಿಸ್ ಬಂದರೆ ತಪ್ಪದೆ ಹೋಗಿ. ವಕೀಲರಿಗೆ ಕೊಡಲು ಹಣದ ತೊಂದರೆ ಇದ್ದರೆ ಕೋರ್ಟಿನಲ್ಲೇ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಫೋನ್ ಮಾಡಿ.

ರಾಜಿ ಆಗಬಹುದೇ? ಎರಡೂ ಬಸ್ಸಿನವರು ನಾಳೆಯೂ ಅದೇ ಹೆದ್ದಾರಿಯಲ್ಲಿ ಓಡಬೇಕು, ರಾಜಿ ಆದರೆ ನನಗೆ ಸಂತೋಷವೇ. ಸಾಮಾನ್ಯ ಗಾಯ, ಹಲ್ಲೆ ಕೇಸುಗಳಲ್ಲಿ ಪೆಟ್ಟು ತಿಂದವನೇ ರಾಜಿ ಮಾಡಿಕೊಳ್ಳಬಹುದು. 117(2)ಕ್ಕೆ ಕೋರ್ಟಿನ ಅನುಮತಿಯೂ ಬೇಕು. ಆದರೆ ಅಕ್ರಮ ಕೂಟ, ದೊಂಬಿ, ಕಾದಾಟ ಇವು ರಾಜಿ ಪಟ್ಟಿಯಲ್ಲೇ ಇಲ್ಲ, ಯಾಕೆಂದರೆ ಅವು ಊರಿನ ಶಾಂತಿಯ ವಿರುದ್ಧದ ಅಪರಾಧ. ಆ ಕಂಡಕ್ಟರ್ ಕೈ ಕುಲುಕಿ ಹೋದರೂ ಅವು ಉಳಿಯುತ್ತವೆ. ಅವನ್ನು ರದ್ದು ಮಾಡಿಸಲು ಬೆಂಗಳೂರಿನ ಹೈಕೋರ್ಟಿಗೆ ಅರ್ಜಿ ಹಾಕಬೇಕು. ರಾಜಿ ಆಗಿದ್ದರೆ ಅಲ್ಲಿ ಕೆಲಸ ಹಗುರ.

ಈಗ ದಂಡದ ಮಾತು. ತಪ್ಪೊಪ್ಪಿಕೊಂಡು 1,000 ರೂಪಾಯಿ ಕಟ್ಟಿದರೂ ಅದು ಅಪರಾಧಿ ಎಂಬ ತೀರ್ಪೇ. ರಸೀದಿ ಚಿಕ್ಕದು, ದಾಖಲೆ ದೊಡ್ಡದು. ಗಲ್ಫಿನ ಕೆಲಸಕ್ಕೆ ಕೇಳುವ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗೆ ಅದು ಅಡ್ಡ ಬರಬಹುದು. ತಮ್ಮನ ಪಾಸ್‌ಪೋರ್ಟ್ ಈಗಾಗಲೇ ಕೈಯಲ್ಲಿದ್ದರೆ ಒಳ್ಳೆಯದು. ನವೀಕರಿಸಬೇಕಿದ್ದರೆ, ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ಬಾಕಿ ಇದೆ ಎಂಬ ಕಾರಣಕ್ಕೆ 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ತಡೆಹಿಡಿಯಬಹುದು. ಆಗಲೂ ದಾರಿ ಇದೆ. ಕೇಸು ನಡೆಯುವ ಕೋರ್ಟಿನಿಂದಲೇ ವಿದೇಶಕ್ಕೆ ಹೋಗಲು ಅನುಮತಿ ಆದೇಶ ಪಡೆದು ಕೊಟ್ಟರೆ, 1993ರ ಕೇಂದ್ರ ಅಧಿಸೂಚನೆಯಂತೆ ಆ ಆದೇಶದಲ್ಲಿ ಹೇಳಿದ ಅವಧಿಗೆ ಪಾಸ್‌ಪೋರ್ಟ್ ಸಿಗುತ್ತದೆ. ಕೇಸು ಇಲ್ಲ ಎಂದು ಅರ್ಜಿಯಲ್ಲಿ ಮಾತ್ರ ಬರೆಯಬೇಡಿ.

ಪೊಲೀಸರು ಇನ್ನೂ ಚಾರ್ಜ್‌ಶೀಟ್ ಹಾಕಿಲ್ಲದಿದ್ದರೆ ನಿಮಗೆ ಸಮಯ ಇದೆ. ಆ ಇಬ್ಬರು ರಿಕ್ಷಾದವರನ್ನು ಈ ವಾರವೇ ಭೇಟಿ ಮಾಡಿ. ಅವರು ಬಿಡಿಸಲು ಬಂದು ಆರೋಪಿಗಳಾದವರು, ಸಿಟ್ಟಿನಲ್ಲಿರುತ್ತಾರೆ, ಮೊದಲು ಕ್ಷಮೆ ಕೇಳಿ. ಏನು ಹೇಳಬೇಕೆಂದು ಅವರಿಗೆ ಕಲಿಸಲು ಹೋಗಬೇಡಿ. ಕಂಡದ್ದನ್ನು ಅವರೇ ತನಿಖಾಧಿಕಾರಿಗೆ ಬರೆದು ಕೊಟ್ಟು, ಸ್ವೀಕೃತಿ ಪಡೆಯಲಿ. ತಮ್ಮನೂ ವಕೀಲರ ಮೂಲಕ ವಿಡಿಯೊದ ವಿಷಯ ಬರೆದು ಕೊಡಲಿ. ಆ ಮೂರು ಹೆಸರು ಚಾರ್ಜ್‌ಶೀಟಿಗೆ ಮೊದಲೇ ಬಿಟ್ಟುಹೋದರೆ, ದೊಂಬಿಯ ಮಾತು ಸ್ಟೇಶನ್ನಿನಲ್ಲೇ ಮುಗಿಯುತ್ತದೆ. ತಮ್ಮನ ವಿಮಾನದ ಟಿಕೆಟಿನ ಬಗ್ಗೆ ಆಮೇಲೆ ಯೋಚಿಸೋಣ.